ಓಝರ್‌ನ ಆಕಾಶ, ವೇರೂಳಿನ ಬಂಡೆ

ನಾಸಿಕ್ ಎಂದರೆ ನಮ್ಮವರಿಗೆ ತ್ರ್ಯಂಬಕೇಶ್ವರ, ಪಂಚವಟಿ, ಗೋದಾವರಿಯ ರಾಮಕುಂಡ. ಪುಣೆ-ಮುಂಬೈಯಲ್ಲಿ ಕೆಲಸ ಮಾಡುವ ನನ್ನ ವಯಸ್ಸಿನವರಿಗಾದರೆ ವೀಕೆಂಡಿನ ದ್ರಾಕ್ಷಿತೋಟ ಮತ್ತು ವೈನ್. ಓಝರ್ ಎಂಬ ಹೆಸರು ಯಾರ ಪಟ್ಟಿಯಲ್ಲೂ ಇರುವುದಿಲ್ಲ. ಇದ್ದರೂ ಅದು ಬೇರೆ ಓಝರ್, ನಾರಾಯಣಗಾಂವ್ ಹತ್ತಿರದ ಅಷ್ಟವಿನಾಯಕನ ಊರು. ಪುಣೆಯಿಂದ ನಾಸಿಕ್‌ಗೆ ಹೋಗುವಾಗ ಆ ಓಝರ್ ದಾರಿಯ ಎಡಕ್ಕೆ ಸಿಗುತ್ತದೆ. ನಾನು ಹೇಳುತ್ತಿರುವುದು ನಾಸಿಕ್ ದಾಟಿ ಆಗ್ರಾ ಹೆದ್ದಾರಿಯಲ್ಲಿ ಇಪ್ಪತ್ತು ಕಿಲೋಮೀಟರ್ ಮುಂದಿರುವ ಓಝರ್. ಮೊದಲನೆಯದರಲ್ಲಿ ಗಂಟೆಯ ಸದ್ದು, ಎರಡನೆಯದರಲ್ಲಿ ಜೆಟ್ ಎಂಜಿನ್ನಿನ ಸದ್ದು.

ಈ ಓಝರ್‌ಗೂ ಬೆಂಗಳೂರಿಗೂ ಹಳೆಯ ನಂಟಿದೆ. ನಮ್ಮ ಎಚ್‌ಎಎಲ್ 1964ರಲ್ಲಿ ಇಲ್ಲಿ ಕಾರ್ಖಾನೆ ಕಟ್ಟಿದ್ದು ಮಿಗ್-21 ತಯಾರಿಸಲು. ಆಮೇಲೆ ಮಿಗ್-27 ಬಂತು, ಈ ಶತಮಾನದಲ್ಲಿ ಸುಖೋಯ್-30 ಎಂಕೆಐ. ಮಿಗ್-21 ವಾಯುಪಡೆಯಿಂದ ನಿವೃತ್ತಿಯಾದದ್ದು 2025ರ ಸೆಪ್ಟೆಂಬರ್ 26ರಂದು. ಮೂರೇ ವಾರ ಕಳೆದು, ಅಕ್ಟೋಬರ್ 17ರಂದು, ನಾಸಿಕ್‌ನಲ್ಲೇ ಜೋಡಿಸಿದ ಮೊದಲ ತೇಜಸ್ ಮಾರ್ಕ್-1ಎ ಇದೇ ರನ್‌ವೇಯಿಂದ ಮೇಲೆದ್ದಿತು. ಬೆಂಗಳೂರಿನ ಎರಡು ಸಾಲುಗಳ ಜೊತೆಗೆ ಇದು ತೇಜಸ್‌ನ ಮೂರನೆಯ ತಯಾರಿಕಾ ಸಾಲು; ವರ್ಷಕ್ಕೆ ಎಂಟು ವಿಮಾನ ಮಾಡುವ ಶಕ್ತಿ ಇದಕ್ಕಿದೆ. ಆರು ದಶಕಗಳಲ್ಲಿ ಬೆಂಗಳೂರಿನಿಂದ ವರ್ಗವಾಗಿ ಬಂದು ಇಲ್ಲೇ ಬೇರು ಬಿಟ್ಟ ಕನ್ನಡದ ಮನೆಗಳು ಇವೆ. ಬಾಗಿಲಲ್ಲಿ ರಂಗೋಲಿ, ಒಳಗೆ ಮರಾಠಿ ಸೀರಿಯಲ್.

ನಮ್ಮ ಕಾಕಾ ಆ ಲೆಕ್ಕದಲ್ಲಿ ಬರುವವರಲ್ಲ. ಅವರು ನಾಸಿಕ್‌ಗೆ ಬಂದದ್ದು ಕಾಕು ತೀರಿಕೊಂಡ ಮೇಲೆ, ಮಗಳ ಮನೆಗೆ. ಮನೆ ಆಡಗಾಂವ್ ಕಡೆ. ಅಳಿಯ ಮರಾಠಿಯವರು, ಒಳ್ಳೆಯ ಮನುಷ್ಯ. ಮೊಮ್ಮಗಳಿಗೆ ಆರು ವರ್ಷ. ಕಾಕಾ ಮೂವತ್ತು ವರ್ಷ ಜೆಟ್ ಎಂಜಿನ್ನುಗಳ ಪಕ್ಕದಲ್ಲಿ ನಿಂತು ದುಡಿದವರು. ಎಲ್ಲಿ ಎಂಬುದು ಇಲ್ಲಿ ಬೇಡ; ಓಝರ್ ಅಲ್ಲ, ದೂರದ ಬೇರೆ ಊರು. ಎಂಜಿನ್ ಓಡಿಸಿ ನೋಡುವಾಗ ಕಿವಿಗೆ ಹತ್ತಿ ಇಟ್ಟುಕೊಂಡರೆ ಸಾಕು ಎಂದು ಎಲ್ಲರೂ ನಂಬಿದ್ದ ಕಾಲ ಅದು.

"ಕೇಳಸ್ತದ ತಮ್ಮಾ, ತಿಳಿಯೂದಿಲ್ಲ," ಅಂತಾರೆ ಕಾಕಾ. ಇದಕ್ಕಿಂತ ಸರಿಯಾಗಿ ಯಾವ ಡಾಕ್ಟರೂ ಅವರ ಕಾಯಿಲೆಯನ್ನು ನನಗೆ ವಿವರಿಸಿಲ್ಲ. ಜೋರು ಸದ್ದಿನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವರ ಕಿವಿ ಎಲ್ಲ ಸ್ವರಗಳಿಗೂ ಒಂದೇ ಸಮನೆ ಮಂದವಾಗುವುದಿಲ್ಲ. ಮೊದಲು ಹೋಗುವುದು 4000 ಹರ್ಟ್ಸ್ ಸುತ್ತಮುತ್ತ. ಒಳಕಿವಿಯ ಆ ಜಾಗದ ಕೂದಲಿನಂಥ ಜೀವಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ. ನಮ್ಮ ಮಾತಿನ ಬಲ ಇರುವುದು ಕೆಳಗಿನ ಸ್ವರಗಳಲ್ಲಿ, ಅರ್ಥ ಇರುವುದು ಬಹುಪಾಲು ಮೇಲಿನ ವ್ಯಂಜನಗಳಲ್ಲಿ. ಸ, ಶ, ಚ, ತ, ಕ ಎಲ್ಲ ತೆಳುವಾದ, ಚುರುಕಾದ ಸದ್ದುಗಳು. ಕಾಲು, ಸಾಲು, ಹಾಲು, ಚಾಲು ನಾಲ್ಕೂ ಕಾಕಾಗೆ 'ಆಲು'. ಸಂದರ್ಭ ನೋಡಿ ಊಹಿಸಬೇಕು. ದೊಡ್ಡವರ ಮಾತನ್ನು ತುಟಿ ನೋಡಿ ಹೇಗೋ ಊಹಿಸುತ್ತಾರೆ. ಆರು ವರ್ಷದ ಹುಡುಗಿ ಓಡುತ್ತ, ಬೆನ್ನು ತಿರುಗಿಸಿಕೊಂಡು, ಕೀರಲು ದನಿಯಲ್ಲಿ ಹೇಳಿದ್ದನ್ನು ಊಹಿಸಲು ಆಗುವುದಿಲ್ಲ.

ಆ ಮನೆಯಲ್ಲಿ ಮಗುವಿನ ಜೊತೆ ದಿನವಿಡೀ ಕನ್ನಡ ಮಾತಾಡಲು ಪುರುಸೊತ್ತಿದ್ದವರು ಅಜ್ಜ ಒಬ್ಬರೇ. ಎರಡು ಸಲ ಹೇಳಿದ ಮೇಲೂ ಅಜ್ಜ "ಏನಂದಿ?" ಎಂದರೆ ಮೂರನೇ ಸಲ ಅವಳು ಹೇಳುವುದಿಲ್ಲ, ಹೊರಗೆ ಓಡಿಹೋಗಿ ಪಕ್ಕದ ಮನೆಯ ಆಜಿಗೆ ಮರಾಠಿಯಲ್ಲಿ ಹೇಳುತ್ತಾಳೆ. ಕಿವಿಯ ಮಷೀನ್ ಇದೆ. ಹಾಕಿಕೊಂಡರೆ ಕುಕ್ಕರಿನ ಸೀಟಿ, ಬಟ್ಟಲಿನ ಸದ್ದು ಎಲ್ಲ ಒಟ್ಟಿಗೆ ನುಗ್ಗುತ್ತವೆ ಅಂತ ಡ್ರಾಯರಿನಲ್ಲಿಟ್ಟಿದ್ದಾರೆ.

ಜನವರಿಯಲ್ಲಿ ಹೋದಾಗ ಕಾಕಾ ನನ್ನನ್ನು ಬೆಳಗಿನ ಏಳಕ್ಕೇ ಎಬ್ಬಿಸಿ ಓಝರ್ ಕಡೆಯ ಅವರ ಅಳಿಯನ ಸ್ನೇಹಿತರ ದ್ರಾಕ್ಷಿತೋಟಕ್ಕೆ ಕರೆದುಕೊಂಡು ಹೋದರು. ಚಪ್ಪರದ ಕೆಳಗೆ ಗೊಂಚಲುಗಳಿಗೆ ಹಳೇ ಪೇಪರ್ ಸುತ್ತಿದ್ದರು. ಚಳಿ ಚೆನ್ನಾಗಿತ್ತು. ಹತ್ತರ ಹೊತ್ತಿಗೆ ರನ್‌ವೇ ಕಡೆಯಿಂದ ಮೊದಲು ನೆಲದಲ್ಲಿ ನಡುಕದಂತೆ, ಆಮೇಲೆ ಎದೆಯಲ್ಲಿ, ಆಮೇಲೆ ಕಿವಿಯಲ್ಲಿ ಸದ್ದು ಬಂತು. "ಸುಖೋಯ್. ಎರಡು ಎಂಜಿನ್," ಅಂದರು ಕಾಕಾ. ಮೊಮ್ಮಗಳ ಮಾತು ಕೇಳದ ಕಿವಿಗೆ ಅದು ಸರಿಯಾಗಿ ಕೇಳಿಸಿತ್ತು. ವಿಮಾನ ಬೆನ್ನು ತೋರಿಸಿ ಮೇಲೇರಿದಾಗ ಸದ್ದಿನ ಬಗೆಯೇ ಬದಲಾಯಿತು. ಗುಡುಗು ಹೋಗಿ, ಯಾರೋ ದಪ್ಪ ಜಮಖಾನೆಯನ್ನು ಆಕಾಶದುದ್ದಕ್ಕೂ ಪರಪರ ಹರಿದ ಹಾಗೆ.

ಇದನ್ನು ಜನ 'ಸೋನಿಕ್ ಬೂಮ್' ಎನ್ನುವುದುಂಟು, ನಮ್ಮ ಆಫೀಸಿನಲ್ಲೂ ಹೇಳಿದವರಿದ್ದಾರೆ. ಅಲ್ಲ. ಬೂಮ್ ಬರುವುದು ವಿಮಾನವೇ ಶಬ್ದದ ವೇಗ ಮೀರಿದಾಗ. ಟೇಕಾಫ್ ಹೊತ್ತಿನಲ್ಲಿ ವಿಮಾನ ಇನ್ನೂ ನಿಧಾನವಾಗಿಯೇ ಇರುತ್ತದೆ; ಶಬ್ದಕ್ಕಿಂತ ವೇಗವಾಗಿ ಓಡುವುದು ಅದರ ಹಿಂದಿನಿಂದ ಚಿಮ್ಮುವ ಬಿಸಿ ಗಾಳಿ. ಸುತ್ತಲಿನ ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಆಫ್ಟರ್‌ಬರ್ನರ್ ಹೊತ್ತಿಸಿದ ಎಂಜಿನ್ನಿನ ಹೊಗೆ ಅದರ ಸುಮಾರು ಮೂರು ಪಟ್ಟು ವೇಗದಲ್ಲಿರುತ್ತದೆ.

ಹಾಗಿದ್ದರೆ ಪ್ರಯಾಣಿಕರ ವಿಮಾನ ಯಾಕೆ ಇಷ್ಟು ಕಿರುಚುವುದಿಲ್ಲ? ಇದಕ್ಕೆ ಉತ್ತರ 1952ರಲ್ಲೇ ಸಿಕ್ಕಿದೆ. ಜೇಮ್ಸ್ ಲೈಟ್‌ಹಿಲ್ ಎಂಬ ಬ್ರಿಟಿಷ್ ಗಣಿತಜ್ಞ, ಜೆಟ್ಟಿನಿಂದ ಹೊರಡುವ ಸದ್ದಿನ ಶಕ್ತಿ ಅದರ ವೇಗದ ಎಂಟನೇ ಘಾತದಂತೆ ಏರುತ್ತದೆ ಎಂದು ತೋರಿಸಿದ. ವೇಗ ಅರ್ಧ ಮಾಡಿ, ಸದ್ದಿನ ಶಕ್ತಿ 256ರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ, ಅಂದರೆ 24 ಡೆಸಿಬಲ್ ಕಡಿಮೆ. ಹೆಚ್ಚು ಗಾಳಿಯನ್ನು ನಿಧಾನವಾಗಿ ತಳ್ಳಿದರೂ ಕಡಿಮೆ ಗಾಳಿಯನ್ನು ಜೋರಾಗಿ ತಳ್ಳಿದರೂ ನೂಕುಬಲ ಒಂದೇ ಬರುತ್ತದಲ್ಲ, ಸಿವಿಲ್ ಎಂಜಿನ್ನುಗಳು ಮೊದಲನೆಯ ದಾರಿ ಹಿಡಿದವು. ನೀವು ಊರಿಗೆ ಹೋಗುವ ಏರ್‌ಬಸ್ ನಿಯೋದ ಎಂಜಿನ್ ಅಷ್ಟು ದಪ್ಪಗಿರುವುದು ಇದಕ್ಕೇ; ಅದರ ಒಳಗಿನ ಬೆಂಕಿಯ ಮೂಲಕ ಹೋಗುವ ಪ್ರತಿ ಒಂದು ಪಾಲು ಗಾಳಿಗೆ ಸುಮಾರು ಹನ್ನೊಂದು ಪಾಲು ಬರೀ ಫ್ಯಾನಿನಿಂದ ಹೊರಗಡೆಯೇ ಹಾದುಹೋಗುತ್ತದೆ. ತೇಜಸ್‌ನ ಎಫ್404 ಎಂಜಿನ್ನಿನಲ್ಲಿ ಈ ಪ್ರಮಾಣ ಮೂರನೇ ಒಂದರಷ್ಟು. ಯುದ್ಧವಿಮಾನಕ್ಕೆ ಡೋಲಿನಂಥ ಎಂಜಿನ್ ಕಟ್ಟಲಾಗದು, ಗಾಳಿ ಸೀಳಿಕೊಂಡು ಹೋಗಬೇಕು. ಹಾಗಾಗಿ ಲೈಟ್‌ಹಿಲ್ ಕೊಟ್ಟ ಸುಲಭದ ದಾರಿ ಇವರಿಗೆ ಮುಚ್ಚಿದೆ.

ಮೇಲಾಗಿ, ಹೊಗೆ ಶಬ್ದಾತೀತವಾದ ಮೇಲೆ ಹೊಸ ಬಗೆಯ ಸದ್ದುಗಳು ಸೇರಿಕೊಳ್ಳುತ್ತವೆ. ಹೊಗೆಯೊಳಗಿನ ದೊಡ್ಡ ಸುಳಿಗಳೇ ಹೊರಗಿನ ಶಬ್ದಕ್ಕಿಂತ ವೇಗವಾಗಿ ಓಡುತ್ತ, ನೀರಿನಲ್ಲಿ ದೋಣಿ ಎಬ್ಬಿಸುವ ಅಲೆಯಂತೆ ಓರೆಯಾಗಿ ಹಿಂದಕ್ಕೆ ಸದ್ದು ಚೆಲ್ಲುತ್ತವೆ. ವಿಮಾನ ನಮ್ಮನ್ನು ದಾಟಿದ ಮೇಲೆಯೇ ಅಬ್ಬರ ಹೆಚ್ಚಾಗುವುದು ಈ ಓರೆಯಿಂದ. ಎರಡನೆಯದು ಆಘಾತ ತರಂಗಗಳ ಸರಪಳಿ. ನಾಝಲ್‌ನಿಂದ ಹೊರಬರುವ ಒತ್ತಡ ಹೊರಗಿನ ಒತ್ತಡಕ್ಕೆ ಹೊಂದದಿದ್ದರೆ ಹೊಗೆ ಉಬ್ಬಿ, ಕುಗ್ಗಿ, ಮತ್ತೆ ಉಬ್ಬುತ್ತದೆ. ಸಂಜೆಗತ್ತಲಲ್ಲಿ ತೆಗೆದ ಫೋಟೋಗಳಲ್ಲಿ ಬೆಂಕಿಯ ಬಾಲದಲ್ಲಿ ಸಾಲಾಗಿ ಕಾಣುವ ವಜ್ರದಂಥ ಹೊಳಪು ಇದೇ. ಸುಳಿಗಳು ಈ ವಜ್ರಗಳಿಗೆ ಡಿಕ್ಕಿ ಹೊಡೆದಾಗಲೆಲ್ಲ ಸದ್ದು. ಆ ಸದ್ದು ತಿರುಗಿ ನಾಝಲ್‌ನ ಬಾಯಿಗೆ ಬಂದು ಹೊಸ ಸುಳಿ ಎಬ್ಬಿಸಿ, ಅದು ಮತ್ತೆ ವಜ್ರಕ್ಕೆ ಬಡಿದು, ಹೀಗೆ ಚಕ್ರ ಸುತ್ತಿಕೊಂಡರೆ ಒಂದೇ ಸ್ವರದ ಚೀತ್ಕಾರ ಹುಟ್ಟುತ್ತದೆ. ಮದುವೆ ಮಂಟಪದಲ್ಲಿ ಮೈಕು ಸ್ಪೀಕರಿನ ಎದುರು ಹೋದಾಗ ಕುಂಯ್ ಅನ್ನುವುದೂ ಇಂಥದೇ ಚಕ್ರ. ಜೆಟ್ಟಿನಲ್ಲಿ ಇದನ್ನು ಬಿಡಿಸಿ ಹೇಳಿದವನು ಅಲನ್ ಪಾವೆಲ್, 1953ರಲ್ಲಿ.

ಜಮಖಾನೆ ಹರಿದ ಸದ್ದಿಗೂ ಹೆಸರಿದೆ, ಕ್ರ್ಯಾಕಲ್. ಕಾಂಕಾರ್ಡ್ ವಿಮಾನದ ಒಲಿಂಪಸ್ ಎಂಜಿನ್ನನ್ನು ಅಳೆಯುವಾಗ ಫೋಕ್ಸ್ ವಿಲಿಯಮ್ಸ್ ಮತ್ತು ಸಂಗಡಿಗರು 1975ರಲ್ಲಿ ಇದರ ಮೇಲೆ ಬರೆದರು. ಒತ್ತಡ ಮೆಲ್ಲಗೆ ಇಳಿದು ಗಕ್ಕನೆ ಏರುವ ಚೂಪಾದ ಅಲೆಗಳು ಅವು. ಒಟ್ಟು ಡೆಸಿಬಲ್ ಅಷ್ಟೇ ಇದ್ದರೂ ಕಿವಿಗೆ ಹೆಚ್ಚು ಹಿಂಸೆ.

ನಾನಿದನ್ನೆಲ್ಲ ತೋಟದಲ್ಲಿ ಕಾಕಾಗೆ ಕೂಗಿ ಹೇಳುತ್ತಿದ್ದರೆ ತೋಟದವರು ನಗುತ್ತಿದ್ದರು. ಅವರಿಗೆ ಸದ್ದಿಗಿಂತ ದೊಡ್ಡ ಚಿಂತೆಗಳಿವೆ. ಚಳಿಗಾಲದ ಬೆಳಿಗ್ಗೆ ಸದ್ದು ಜಾಸ್ತಿ ದೂರ ಬರುತ್ತದೆ, ಬೇಸಿಗೆಯಲ್ಲಿ ಅಷ್ಟಿಲ್ಲ ಎಂದರು. ಸರಿಯಾದ ಮಾತು. ನೆಲದ ಹತ್ತಿರ ತಣ್ಣನೆಯ ಗಾಳಿ, ಮೇಲೆ ಬೆಚ್ಚನೆಯದು ಇದ್ದಾಗ ಸದ್ದು ಮೇಲೆ ಹೋಗದೆ ಬಾಗಿ ಕೆಳಗೆ ಬರುತ್ತದೆ. ಈ ಸುತ್ತಿನವರಿಗೆ ವಿಮಾನದ ನೆನಪು ಸದ್ದಿನದು ಮಾತ್ರವಲ್ಲ. 2024ರ ಜೂನ್ 4ರಂದು ನಿಫಾಡ್ ತಾಲ್ಲೂಕಿನ ಶಿರಸಗಾಂವ್ ಬಳಿ ಒಂದು ಸುಖೋಯ್ ಹೊಲದಲ್ಲಿ ಬಿದ್ದಿತ್ತು. ಪೈಲಟ್‌ಗಳಿಬ್ಬರೂ ಹಾರಿ ಬದುಕಿದರು.

ಸದ್ದು ಕಡಿಮೆ ಮಾಡಲು ಆಗುವುದಿಲ್ಲವೇ? ಆಗುತ್ತದೆ, ಸ್ವಲ್ಪ. ಡ್ರೀಮ್‌ಲೈನರ್ ಹತ್ತಿದವರು ಎಂಜಿನ್ನಿನ ಹಿಂಬದಿಯ ಅಂಚು ಗರಗಸದ ಹಲ್ಲಿನಂತೆ ಇರುವುದನ್ನು ನೋಡಿರಬಹುದು. ಷೆವ್ರಾನ್ ಅಂತಾರೆ. ಆ ಹಲ್ಲುಗಳು ಉದ್ದುದ್ದ ಸುಳಿಗಳನ್ನು ಎಬ್ಬಿಸಿ ಒಳಗಿನ ವೇಗದ ಗಾಳಿಯನ್ನೂ ಹೊರಗಿನದನ್ನೂ ಬೇಗ ಬೆರೆಸುತ್ತವೆ. ಅಮೆರಿಕದ ನೌಕಾಪಡೆಗಾಗಿ ಮಿಸಿಸಿಪಿ ವಿಶ್ವವಿದ್ಯಾಲಯದ ಜಾನ್ ಸೈನರ್ ಮತ್ತು ಸಂಗಡಿಗರು ಇಂಥ ಹಲ್ಲುಗಳನ್ನು ಪ್ರಯತ್ನಿಸಿದ್ದು ಎಫ್404 ಎಂಜಿನ್ನಿಗೇ. ಅದೇ ಕುಟುಂಬದ ಎಂಜಿನ್, ಐಎನ್20 ಎಂಬ ಮಾದರಿ, ಈಗ ಓಝರ್‌ನ ತೇಜಸ್‌ನಲ್ಲಿ ಕೂರುತ್ತಿದೆ. ಎಂಜಿನ್ನಿನ ಬಾಯಿಗೆ ಸಣ್ಣ ತುಂಡುಗಳನ್ನು ಚಾಚಿ ಶಬ್ದಾತೀತ ಜೆಟ್ಟನ್ನು ಬೇಗ ಬೆರೆಸುವ ಕೆಲಸವನ್ನು ನಮ್ಮಲ್ಲೂ ಮಾಡಿದವರಿದ್ದಾರೆ, ಐಐಟಿ ಕಾನ್ಪುರದ ಇ. ರಾತಾಕೃಷ್ಣನ್. ಆ ತುಂಡಿನ ಉದ್ದ ಎಲ್ಲಿಯವರೆಗೆ ಹೋಗಬಹುದು ಎಂಬುದಕ್ಕೆ ಅವರ ಹೆಸರಿನ ಮಿತಿಯೇ ಇದೆ.

ಹಲ್ಲಿನಿಂದ ಸಿಗುವ ಲಾಭ ಎರಡು-ಮೂರು ಡೆಸಿಬಲ್ ಆಸುಪಾಸು. ಕೇಳಿದರೆ ನಗು ಬರಬಹುದು. ಮೂರು ಡೆಸಿಬಲ್ ವ್ಯತ್ಯಾಸ ಕಿವಿಗೆ ಗೊತ್ತಾಗುವುದೇ ಕಷ್ಟ. ಆದರೆ ಕಿವಿಯ ಆರೋಗ್ಯದ ಲೆಕ್ಕದಲ್ಲಿ ಮೂರು ಡೆಸಿಬಲ್ ಎಂದರೆ ಅರ್ಧದಷ್ಟು ಶಕ್ತಿ, ಅಂದರೆ ಅದೇ ಅಪಾಯಕ್ಕೆ ಎರಡರಷ್ಟು ಹೊತ್ತು. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಸಲಹೆ 85 ಡೆಸಿಬಲ್‌ಗೆ ಎಂಟು ಗಂಟೆ. ಮೂರು ಮೂರು ಏರಿದಂತೆ ಸಮಯ ಅರ್ಧರ್ಧ. 115ಕ್ಕೆ ಬಂದರೆ ಅರ್ಧ ನಿಮಿಷವೂ ಇಲ್ಲ. ಆಫ್ಟರ್‌ಬರ್ನರ್ ಹೊತ್ತಿದ ವಿಮಾನದ ಹತ್ತಿರ ನಿಂತವನಿಗೆ 140 ದಾಟುತ್ತದೆ. ಕಿವಿಯೊಳಗೆ ಪ್ಲಗ್, ಮೇಲೆ ಮಫ್ ಎರಡೂ ಹಾಕಿದರೂ ನಲವತ್ತು-ಐವತ್ತು ಡೆಸಿಬಲ್‌ಗಿಂತ ಹೆಚ್ಚು ತಡೆಯಲಾಗದು, ತಲೆಬುರುಡೆಯೇ ಸದ್ದನ್ನು ಒಳಗೆ ಒಯ್ಯುತ್ತದೆ. ಆದ್ದರಿಂದ ಮೂಲದಲ್ಲೇ ಕಡಿಮೆಯಾಗುವ ಒಂದೊಂದು ಡೆಸಿಬಲ್ಲೂ ಯಾರೋ ಒಬ್ಬ ತಂತ್ರಜ್ಞನ ಕಿವಿಗೆ ಸೇರುತ್ತದೆ.

ಬೇರೆ ದಾರಿಗಳೂ ಇವೆ. ಹೊಗೆಯ ಅಂಚಿಗೆ ಸೂಜಿಯಂಥ ತೂತುಗಳಿಂದ ಗಾಳಿ ಅಥವಾ ನೀರು ಚಿಮ್ಮಿಸುವುದು. ಬೇಕಾದಾಗ ಚಾಲೂ ಮಾಡಿ ಆಮೇಲೆ ನಿಲ್ಲಿಸಬಹುದು, ಹಲ್ಲಿನ ಹಾಗೆ ಯುದ್ಧದ ಹೊತ್ತಿಗೂ ಅಂಟಿಕೊಂಡಿರುವುದಿಲ್ಲ. ನೆಲದ ಮೇಲಿನ ಪರೀಕ್ಷೆಗಾದರೆ ವಿಮಾನವನ್ನೇ ಒಳಗೆ ನಿಲ್ಲಿಸಿ, ಹೊಗೆಯನ್ನು ಉದ್ದನೆಯ ತೂತುಕೊಳವೆಯ ಮೂಲಕ ಹೊರಗೆ ಬಿಡುವ ಸದ್ದುಗಟ್ಟಡಗಳಿವೆ. ನನ್ನನ್ನು ಕೇಳಿದರೆ ಬಡ ದೇಶಕ್ಕೆ ಮೊದಲು ಇವೇ ಲಾಭ. ನಾಝಲ್ ಬದಲಿಸಲು ಎಂಜಿನ್ ಕಂಪನಿ ಒಪ್ಪಬೇಕು, ನೂಕುಬಲ ಶೇಕಡಾ ಒಂದು ಹೋದರೂ ಪೈಲಟ್ ಒಪ್ಪುವುದಿಲ್ಲ. ಗೋಡೆ ಕಟ್ಟಲು ಯಾರ ಒಪ್ಪಿಗೆಯೂ ಬೇಡ.

"ನೂಕುಬಲ ಹೋಗಬಾರದು," ಅಂದರು ಕಾಕಾ, ಇದೊಂದು ಮಾತು ಸರಿಯಾಗಿ ಕೇಳಿಸಿತ್ತು. "ಆ ಹುಡುಗ ಮ್ಯಾಲೆ ಹೋಗ್ಯಾನ. ಅವಂಗ ಪೂರ್ತಿ ಕೊಡಬೇಕು." ತಮ್ಮ ಕಿವಿಯ ಲೆಕ್ಕ ಅವರು ಹಾಕಲೇ ಇಲ್ಲ.

ಮರುದಿನ ನಾಲ್ವರೂ ಸಂಭಾಜಿನಗರಕ್ಕೆ ಹೊರಟೆವು, ನಾನು, ಕಾಕಾ, ತಂಗಿ, ಮೊಮ್ಮಗಳು. ಯೇವಲಾದಲ್ಲಿ ಪೈಠಣಿ ಅಂಗಡಿಗೆ ತಂಗಿ ಒಂದು ಗಂಟೆ ಕೊಟ್ಟಳು. ವೈಜಾಪುರ ದಾಟಿದ ಮೇಲೆ ಹತ್ತಿ, ಕಬ್ಬು, ಒಣ ಬಯಲು. 2023ರಿಂದ ಬೋರ್ಡುಗಳಲ್ಲಿ ಛತ್ರಪತಿ ಸಂಭಾಜಿನಗರ, ಬಸ್ಸಿನ ಕಂಡಕ್ಟರ್ ಬಾಯಲ್ಲಿ ಒಮ್ಮೆ ಅದು, ಒಮ್ಮೆ ಔರಂಗಾಬಾದ್. ಊರಿನಿಂದ ವೇರೂಳ, ಅಂದರೆ ನಮ್ಮ ಎಲ್ಲೋರಾ, ಮೂವತ್ತು ಕಿಲೋಮೀಟರ್.

ಇಲ್ಲಿ ಕನ್ನಡಿಗನಿಗೆ ಪರ ಊರು ಅನ್ನಿಸುವುದಿಲ್ಲ. ಕವಿರಾಜಮಾರ್ಗ ಕನ್ನಡ ನಾಡಿನ ಬಡಗಣ ಎಲ್ಲೆ ಹಾಕಿದ್ದು ಗೋದಾವರಿಗೆ. ಅದನ್ನು ಬರೆಸಿದ ರಾಷ್ಟ್ರಕೂಟರ ಮನೆತನವೇ ಈ ಬಂಡೆ ಕಡಿಸಿದ್ದು. ಹದಿನಾರನೇ ಗುಹೆ ಕೈಲಾಸ, ಎಂಟನೇ ಶತಮಾನದ ಒಂದನೇ ಕೃಷ್ಣನ ಕಾಲದ್ದು. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿ ನೋಡಿದ ಕಣ್ಣಿಗೆ ಅಚ್ಚು ಗುರುತು ಸಿಗುತ್ತದೆ. ಕಲ್ಲು ತಂದು ಕಟ್ಟಿದ್ದಲ್ಲ, ಮೇಲಿನಿಂದ ಕೆಳಕ್ಕೆ ಬೇಡದ್ದನ್ನು ತೆಗೆಯುತ್ತ ಹೋದದ್ದು. ಬರೋಡಾದಲ್ಲಿ ಸಿಕ್ಕ ಕರ್ಕನ ತಾಮ್ರಪಟದಲ್ಲಿ, ಎಲಾಪುರದ ಈ ಗುಡಿ ಮಾಡಿದ ಶಿಲ್ಪಿಯೇ ಇದನ್ನು ಹೇಗೆ ಮಾಡಿದೆನೋ ಎಂದು ಬೆರಗಾದನೆಂಬ ಮಾತಿದೆ. ತಮಾಷೆಯೆಂದರೆ ಶಬ್ದಾತೀತ ಜೆಟ್ಟಿನ ಸದ್ದಿನ ಮೇಲೆ ಅಮೆರಿಕದ ನೌಕಾ ಸಂಶೋಧನಾಲಯದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವರ ಹೆಸರೂ ಕೈಲಾಸನಾಥ್. ಯುದ್ಧವಿಮಾನದ ನಾಝಲ್ ನಯವಾದ ಬಾಗು ಇಲ್ಲದೆ ನೇರ ತಗಡುಗಳಿಂದ ಆಗಿರುವುದರಿಂದ, ಒತ್ತಡ ಸರಿಯಾಗಿ ಹೊಂದಿದಾಗಲೂ ಅದರ ಗಂಟಲಿನಿಂದಲೇ ಆಘಾತ ತರಂಗ ಹೊರಡುತ್ತದೆ ಎಂದು ಅವರೂ ಸಿನ್ಸಿನಾಟಿ ವಿಶ್ವವಿದ್ಯಾಲಯದ ಗುಟ್‌ಮಾರ್ಕ್ ತಂಡದವರೂ ತೋರಿಸಿದರು. ವಜ್ರಗಳು ಪೂರ್ತಿ ಹೋಗುವುದೇ ಇಲ್ಲ.

ಆದರೆ ನನಗೆ ಎಲ್ಲೋರಾದಲ್ಲಿ ಉಳಿದದ್ದು ಹತ್ತನೇ ಗುಹೆ. ಬೌದ್ಧ ಚೈತ್ಯ, ಮೇಲೆ ಮರದ ತೊಲೆಗಳಂತೆ ಕಡಿದ ಕಮಾನು ಚಾವಣಿ, ಕೊನೆಯಲ್ಲಿ ಕುಳಿತ ಬುದ್ಧ. ಕಲ್ಲು ಸದ್ದನ್ನು ಹೀರುವುದಿಲ್ಲ, ಒಂದು ಮಾತು ಮುಗಿದ ಮೇಲೂ ತಿರುಗುತ್ತಿರುತ್ತದೆ. ಗೈಡ್ ಒಬ್ಬ ಮರಾಠಿ-ಹಿಂದಿ ಬೆರೆಸಿ ವಿವರಿಸುತ್ತಿದ್ದ. ಒಂದು ಅಕ್ಷರದ ಬಾಲ ಮುಂದಿನ ಅಕ್ಷರದ ಮೇಲೆ ಬಿದ್ದು ನನಗೇ ಅರ್ಧ ತಿಳಿಯಲಿಲ್ಲ. ಕಾಕಾ ಪೂರ್ತಿ ಬಿಟ್ಟುಕೊಟ್ಟು ಕಂಬಕ್ಕೆ ಒರಗಿ ನಿಂತಿದ್ದರು. ಆಮೇಲೆ ಗೈಡ್ ಸುಮ್ಮನಾಗಿ, ಕಣ್ಣು ಮುಚ್ಚಿ, ಉದ್ದನೆಯ ಒಂದೇ ಸ್ವರ ತೆಗೆದ. ಅದು ಚಾವಣಿಯಲ್ಲಿ ತುಂಬಿಕೊಂಡಿತು. ಕಾಕಾ ತಲೆ ಎತ್ತಿದರು. ಅದರಲ್ಲಿ ವ್ಯಂಜನವಿಲ್ಲ, ಅವಸರವಿಲ್ಲ, ಕೆಳಗಿನ ಸ್ವರ, ಅವರ ಕಿವಿ ಇನ್ನೂ ಉಳಿಸಿಕೊಂಡಿರುವ ಜಾಗದ್ದು.

ಹುಡುಗಿಗೆ ಆಟ ಸಿಕ್ಕಿತು. "ಅಜ್ಜಾ..." ಎಂದು ಎಳೆದಳು. ಗುಹೆ ಅದನ್ನು ಹಿಗ್ಗಿಸಿ ವಾಪಸ್ ಕೊಟ್ಟಿತು. ಕಾಕಾ "ಓ" ಎಂದರು. ಇನ್ನೊಮ್ಮೆ, ಮತ್ತೊಮ್ಮೆ. ಕಾವಲುಗಾರ ಬಂದು ಸಾಕು ಎನ್ನುವವರೆಗೂ ನಡೆಯಿತು.

ಅವತ್ತು ರಾತ್ರಿ ಹೋಟೆಲಿನಲ್ಲಿ ತಂಗಿಗೆ ನಾನು ಓದಿಕೊಂಡಿದ್ದನ್ನು ಹೇಳಿದೆ: ಕಿವುಡರ ಜೊತೆ ಕಿರುಚಬಾರದು, ಮುಖ ನೋಡಿ ನಿಧಾನವಾಗಿ ಮಾತಾಡಬೇಕು, ಟೀವಿ ಆರಿಸಿರಬೇಕು, ಮಷೀನನ್ನು ಮೊದಲ ವಾರ ದಿನಕ್ಕೆ ಒಂದೆರಡು ಗಂಟೆಯಂತೆ ರೂಢಿ ಮಾಡಿಸಬೇಕು, ಆಡಿಯಾಲಜಿಸ್ಟ್ ಹತ್ತಿರ ಮತ್ತೆ ಹೊಂದಿಸಿಕೊಂಡು ಬರಬೇಕು. ಅವಳು ಎಲ್ಲ ಕೇಳಿ, "ಇದನ್ನ ಇಕಿಗೆ ಹೇಳೋರು ಯಾರು," ಎಂದು ಮಗಳ ಕಡೆ ನೋಡಿದಳು. ಅವಳಿಗೆ ಆಗಲೇ ನಿದ್ದೆ ಬಂದಿತ್ತು.

ಹೋಗುವವರಿಗೆ ಎರಡು ಮಾತು. ಎಲ್ಲೋರಾ ಮಂಗಳವಾರ ಮುಚ್ಚಿರುತ್ತದೆ. ಹತ್ತನೇ ಗುಹೆಗೆ ಬೆಳಿಗ್ಗೆ ಬೇಗ ಹೋಗಿ, ಶಾಲೆಯ ಬಸ್ಸುಗಳು ಬರುವ ಮುಂಚೆ. ಓಝರ್ ಕಾರ್ಖಾನೆ ನೋಡಲು ಬಿಡುವುದಿಲ್ಲ, ಬೇಲಿಯ ಹತ್ತಿರ ಫೋನ್ ತೆಗೆಯಲೇಬೇಡಿ. ಏರ್ ಶೋಗೆ ಎಲ್ಲಿಗಾದರೂ ಮಕ್ಕಳನ್ನು ಕರೆದೊಯ್ಯುವುದಿದ್ದರೆ, ಯಲಹಂಕವೇ ಆಗಲಿ, ಕಿವಿಗೆ ಮಫ್ ತೆಗೆದುಕೊಂಡು ಹೋಗಿ. ಹತ್ತಿ ಸಾಲದು.